ಒಂದು ಬೊಗಸೆ ನೀರು

ಮಹಾರಾಜರ ಸರ್ಕಾರದ ಮೇಷ್ಟ್ರಾಗಿ ನಾನು ನಾಗಲಮಡಿಕೆ ಕಡೆಯ ಹಳ್ಳಿಯೊಂದರಲ್ಲಿದ್ದೆ. ಊರಿಗೆ ಊರೇ ಮೆಟ್ಟಿಲು ಬಾವಿಗಿಳಿದು ನೀರು ತುಂಬಿಕೊಳ್ಳುತ್ತಿತ್ತು. ಬೇಸಿಗೆ ಬಂತೆಂದರೆ ಮನೆಗೊಬ್ಬರಿಗೆ ನಾರುಹುಣ್ಣು. ಕಾಲಿನ ಬೊಬ್ಬೆ ಒಡೆದು ಬಿಳಿ ದಾರದಂಥ ಹುಳು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಂದು ಎಳೆಯಬೇಕು. ತುಂಡಾಯಿತೋ, ಕಾಲೇ ಕೀವು. ನನ್ನ ಹೆಂಡತಿ ಆ ವರ್ಷ ಹಿಮ್ಮಡಿಗೆ ಕಡ್ಡಿ ಕಟ್ಟಿಕೊಂಡೇ ಅಡಿಗೆ ಮಾಡುತ್ತಿದ್ದಳು. ಮಗಳಿಗೆ ಆರು ವರ್ಷ. ದಿನಾ ಸಂಜೆ ಅವಳ ಪುಟ್ಟ ಪಾದ ತಿರುಗಿಸಿ ಬೊಬ್ಬೆಯೆದ್ದಿದೆಯೇ ಎಂದು ನೋಡುತ್ತಿದ್ದೆ.

ಪಾವಗಡದ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಹುಣ್ಣಿನ ಕಾಲು ನೀರಿಗಿಳಿದರೆ ಹುಳು ಅಲ್ಲಿ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ವರ್ಷದ ಮೇಲೆ ಹುಣ್ಣು. ಊರಾಚೆ ಮುಸಲ್ಮಾನರ ಮೂರು ಮನೆಯವರು ಸೇದುವ ಬಾವಿಯ ನೀರು ಕುಡಿಯುತ್ತಿದ್ದರು. ಅಲ್ಲಿ ಯಾರ ಕಾಲಿಗೂ ಕಡ್ಡಿಯಿರಲಿಲ್ಲ. ಇದು ತಿಳಿದ ಮೇಲೆ ನಾನೂ ಅಲ್ಲಿಂದಲೇ ನೀರು ಹೊತ್ತು ತರುತ್ತಿದ್ದೆ. ಮೆಟ್ಟಿಲು ಮುಚ್ಚಿ ರಾಟೆ ಹಾಕಿಸೋಣವೆಂದು ಪಂಚಾಯಿತಿಗೆ ಬರೆದುಕೊಟ್ಟೆ.

ಬಾವಿಯ ಪಕ್ಕದಲ್ಲೇ ಊರು ಸೇರಿತು. ಪಂಚಾಯಿತಿಯ ಅಧ್ಯಕ್ಷರು ಎತ್ತರದ ಆಳು, ಮೈಲಿ ದೂರಕ್ಕೆ ಕೇಳುವ ಕಂಠ. ಮನುಷ್ಯ ಒಳ್ಳೆಯವರೇ, ಅದೇ ನನ್ನ ಗ್ರಹಚಾರ. ನಾನು ಬೆವರುತ್ತ ಕಾಗದ ಓದಿದೆ. ಮುಂದೆ ಕೂತವರು ಆಕಳಿಸಿದರು. ಅಧ್ಯಕ್ಷರು ಎದ್ದರು.

"ಮೇಷ್ಟ್ರೇ, ನಮ್ ತಾತ ಮುತ್ತಾತ ಕುಡಿದಿದ್ದು ಇದೇ ನೀರಲ್ವಾ? ಗಂಗಮ್ಮನ್ನ ಗೋಡೆ ಕಟ್ಟಿ ಕೂಡಾಕ್ತೀರಾ? ಇಸ ಅಂದ್ರಲ್ಲ, ನೋಡ್ಕಳಿ!"

ದಡದಡನೆ ಮೆಟ್ಟಿಲಿಳಿದು, ಬೊಗಸೆ ತುಂಬ ನೀರೆತ್ತಿ ಗಟಗಟ ಕುಡಿದರು. ಗಡ್ಡದಿಂದ ನೀರು ಸುರಿಯುತ್ತಿರಲು ಮೇಲೆ ನೋಡಿ, "ಎಲ್ಲಿ, ಸತ್ನಾ?" ಎಂದರು.

ಜನ ಹುಚ್ಚೆದ್ದು ಕೂಗಿದರು. ಹೇಳಲು ನಾಚಿಕೆ, ನನಗೂ ಮೈ ಜುಮ್ಮೆಂದಿತು.

"ವರ್ಷ ಕಾಯಬೇಕು ಸ್ವಾಮಿ, ವರ್ಷ!" ಎಂದು ಅರಚಿದೆ.

"ಅಲ್ಲೀಗಂಟ ಬಾಯಾರ್ಕಂಡಿರಾನಾ ಮೇಷ್ಟ್ರೇ?" ಎಂದರು ಯಾರೋ. ನಗು. ನನ್ನ ಪರವಾಗಿ ಒಂದು ಕೈಯೂ ಏಳಲಿಲ್ಲ.

ಅಂದಿನಿಂದ ಹೆಂಡತಿ ನಾನು ತಂದ ನೀರನ್ನು ದನಕ್ಕೆ ಸುರಿದಳು. "ಅವ್ರೇ ಕುಡಿದ್ರಲ್ಲ, ಇನ್ನೇನು ಬುಡಿ. ಊರೋರೆಲ್ಲಾ ನಗ್ತಾವ್ರೆ," ಎಂದಳು. ಹುಣ್ಣಿನ ಉರಿ ತಾಳದೆ, ಎಲ್ಲರಂತೆ ತಾನೂ ಬಾವಿಗಿಳಿದು ತಣ್ಣನೆಯ ನೀರಲ್ಲಿ ಕಾಲಿಟ್ಟು ಕೂತಳು. ಬೈದೆ, ಬೇಡಿಕೊಂಡೆ. ನಾನು ಶಾಲೆಗೆ ಹೋದ ಮೇಲೆ ಮಗಳಿಗೆ ಅದೇ ನೀರು ಕುಡಿಸಿದಳು.

ಮುಂದಿನ ಬೇಸಿಗೆಗೆ ಅಧ್ಯಕ್ಷರ ಮೊಣಕಾಲಿನಲ್ಲಿ ಹುಳು ಬಂತು. ಅದೇ ವಾರ ಮಗಳ ಕಾಲಿನ ಹರಡಿನಲ್ಲೂ. ಎದೆ ಒಡೆದುಹೋಯಿತು. ಆದರೂ ಇನ್ನಾದರೂ ಜನ ನಂಬುತ್ತಾರೆಂದು ಓಡಿಹೋಗಿ ಮತ್ತೆ ಊರು ಸೇರಿಸಿದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಅಧ್ಯಕ್ಷರನ್ನು ಮಂಚದ ಸಮೇತ ಹೊತ್ತು ತಂದರು. "ಊರಿನ ನೋವೆಲ್ಲಾ ನನ್ ಕಾಲ್ಗೇ ಬರ್ಲಿ ತಾಯಿ ಅಂತ ಕೇಳ್ಕಂಡಿದ್ದೆ," ಎಂದರು ಮೆಲ್ಲಗೆ. "ಕೊಟ್ಳು."

ಹೆಂಗಸರು ಅತ್ತರು. ಗಂಡಸರು ಮಂಚಕ್ಕೆ ಅಡ್ಡಬಿದ್ದರು. ನನ್ನ ಕಾಗದ ಜೇಬಿನಲ್ಲೇ ಉಳಿಯಿತು. ಸುಳ್ಳು ಹೇಳುತ್ತಿದ್ದಾರೆ ಅನ್ನೋಣವೆಂದರೆ, ಅವರು ನಿಜವಾಗಿಯೇ ನಂಬಿದ್ದರು.

ಮನೆಗೆ ಬಂದು ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಹಲ್ಲು ಕಚ್ಚಿ, "ಅಪ್ಪಾ, ನಂದೂ ಅಧ್ಯಕ್ಷರ ತರಾನೇ ಅಲ್ವಾ?" ಎಂದು ಹೆಮ್ಮೆಯಿಂದ ಕೇಳಿದಳು.

ಕಡ್ಡಿಯನ್ನು ಇನ್ನೊಂದು ಸುತ್ತು ತಿರುಗಿಸಬೇಕಿತ್ತು, ಅವಳು ಕಾಲು ಅಲ್ಲಾಡಿಸಬಾರದಿತ್ತು. "ಹೌದು ಕಣಮ್ಮ, ಅವರ ತರಾನೇ," ಎಂದೆ.