ಅರಬೈಲ್ ಇಳಿದ ಮೇಲೆ

ಮೂವತ್ತರ ದಶಕದಲ್ಲಿ ನಮ್ಮ ಅಂಗಡಿಯ ಸಾಮಾನು ಸಾಗಿಸುತ್ತಿದ್ದ ಯಲ್ಲಾಪುರದ ಗಾಡಿ ಸಾಹೇಬರಿಗೆ ಯಾವ ಮಾತೆತ್ತಿದರೂ ಒಂದೇ ಉತ್ತರ: “ಅರಬೈಲ್ ಘಟ್ಟ ಇಳಿದ ಮ್ಯಾಲೆ ಮಾತಾಡೋಣ್ರಿ.”

ಎತ್ತುಗಳ ಮುಂದೆ ಬರಿಗಾಲಲ್ಲೇ ನಡೆಯುವವರು. ಹಿಮ್ಮಡಿಯ ಹುಣ್ಣನ್ನು ಆಣಿಯೆಂದೇ ತಿಳಿದು, ಗೇರುಬೀಜದ ಸಿಪ್ಪೆಯ ಕಾದ ಎಣ್ಣೆ ಬಿಟ್ಟು ವರ್ಷಗಟ್ಟಲೆ ಸುಟ್ಟುಕೊಂಡರು. ತೊಡೆಸಂದಿಯಲ್ಲಿ ಗಂಟೆದ್ದಾಗ ನಾನೇ ಹುಬ್ಬಳ್ಳಿಗೆ ಕರೆದೊಯ್ದೆ.

“ಇದು ಆಣಿಯಲ್ಲ, ಚರ್ಮದ ಕ್ಯಾನ್ಸರು. ಗಂಟಿಗೂ ಹಬ್ಬಿದೆ. ಕಾಲು ಕತ್ತರಿಸಿ ಗಂಟನ್ನೂ ತೆಗೆಯಬೇಕು. ಆದರೂ ಉಳಿಯುತ್ತೀರೆಂದು ಹೇಳಲಾರೆ,” ಎಂದರು ಡಾಕ್ಟರು.

ಸಾಹೇಬರು ಗಡ್ಡ ನೀವಿಕೊಂಡರು. “ಕತ್ತರಿಸ್ರಿ. ಉಳಿಯೋ ಮಾತು ಅರಬೈಲ್ ಇಳಿದ ಮ್ಯಾಲೆ.”

ಎರಡು ವರ್ಷದ ನಂತರ, ಮರದ ಕಾಲು ಊರುತ್ತ ಎತ್ತುಗಳ ಮುಂದೆ ನಡೆದು, ತುಂಬಿದ ಗಾಡಿಯನ್ನು ಘಟ್ಟ ಇಳಿಸಿದರು. ಗಾಡಿಯಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಕೆಳಗೆ ಮುಟ್ಟಿದ್ದೇ ತಿರುಗಿ, ಹಲ್ಲೆಲ್ಲ ತೋರಿಸಿ ನಕ್ಕರು.

“ಹ್ಞೂಂ, ಈಗ ಮಾತಾಡ್ರಿ!”