ಹಳೇ ಚಾವಿ ಯಾರ ಕಡೆ ಐತಿ?

ಗುಲಾಫಶಾ ಅಂದ್ರ ಆಫೀಸಿನ್ಯಾಗ ಎಲ್ಲಾರೂ ಮುಖಾ ಸಿಂಡರಿಸತಿದ್ರು. ಏನ ಕೇಳಿದ್ರೂ ಯಾರಿಗೆ, ಯಾತಕ್ಕ ಅಂತ ತಿರುಗಿ ಕೇಳಾಕಿ. ವಿಜಯಪುರದ ಮಂದಿ, ಬೆಳದದ್ದು ಮುಂಬೈದ ಧಾರಾವಿಯೊಳಗ. ಘಾಟ್ಕೋಪರಿನ ನಮ್ಮ ಪೇಶಂಟ್ ವ್ಯಾನ್ ಸರ್ವಿಸಿನ ಕಂಪ್ಯೂಟರ್ ಎಲ್ಲಾ ಅಕಿದೇ. ನಾ ರಂಜನಾ, ಅಲ್ಲೇ ಫೋನ್ ಎತ್ತಾಕಿ.

ಡಯಾಲಿಸಿಸ್ ಮಷೀನ್ ಖಾಲಿ ಆದ್ರ ಆಸ್ಪತ್ರೆಯವರು ಮೆಸೇಜ್ ಹಾಕ್ತಾರ. ಅದು ಕ್ಲೌಡಿನ ಕ್ಯೂದಾಗ, ಅಂದ್ರ ಇಂಟರ್ನೆಟ್ಟಿನ ಸಾಲಿನ್ಯಾಗ ನಿಂತು ಸರತಿ ಪ್ರಕಾರ ಡ್ರೈವರ್ ಮೊಬೈಲಿಗೆ ಬರತೈತಿ. ಅದರಾಗ ಯಾರು ಹಾಕಬೇಕು, ಯಾರು ತಗೀಬೇಕು ಅನ್ನೋ ನಿಯಮ ಬರಿಯಾಕಿ ಗುಲಾಫಶಾ. ಮೊದಲ ಎಲ್ಲಾರಿಗೂ ಒಂದೇ ಲಾಗಿನ್ ಇತ್ತು, ಚಾಳಿನ್ಯಾಗ ಮನಿ ಚಾವಿ ಬಾಜೂದವರ ಕೈಯಾಗ ಇಟ್ಟು ಹೋದಂಗ. ಅಕಿ ಒಬ್ಬೊಬ್ಬರಿಗೂ ಬ್ಯಾರೆ ಚಾವಿ, ಅಂದ್ರ ಬ್ಯಾರೆ ಪಾಸ್‌ವರ್ಡ್, ಮಾಡಿಕೊಟ್ಲು. ಹೊಸಾದು ಸಿಗದ ಹಳೇದು ಇನ್ನೂ ಯಾರ ಕಡೆಯರ ಐತೇನು ಅಂತ ಕೇಳಿದ್ಲು. ಯಾರ ಕಡೆನೂ ಇಲ್ಲ ಅಂದ್ರು ನಮ್ಮ ಮ್ಯಾನೇಜರ್ ಬಸವಂತರಾಯರು. ಅಕಿ ಹಳೇ ಚಾವಿಗೆ ಪ್ರವೇಶ ಇಲ್ಲಂತ ಬರದ್ಲು.

ಮರುದಿನ ನಮ್ಮವ್ವ ಕಾಶವ್ವನ ಡಯಾಲಿಸಿಸ್. ಬೈಕುಲ್ಲಾದ ಚಾಳಿನ ಬಾಗಲದಾಗ ವ್ಯಾನಿನ ದಾರಿ ನೋಡಿ ತೇಕಕೋತ ಕುಂತಿದ್ಲು. ಮೆಸೇಜ್ ಬರಲೊಲ್ದು, ಆಸ್ಪತ್ರೆ ಫೋನ್ ಬಿಜಿ. ಯಾರೋ ಹಳೇ ಚಾವಿಲೆ ಹಾಕಾಕತ್ತಾರ, ಕ್ಯೂ ಹೊಳ್ಳಿ ಕಳಸಾಕತ್ತೈತಿ ಅಂದ್ಲು ಗುಲಾಫಶಾ. ಬಸವಂತರಾಯ ಸಾಹೇಬ್ರಿಗೆ ಮತ್ತ ಕೇಳಿದ್ಲು. ಅವರು ಮತ್ತ ಇಲ್ಲ ಅಂದು, ತಮ್ಮ ಕಂಪ್ಯೂಟರಿನ್ಯಾಗ ಕುಂತು ಎಲ್ಲಾರಿಗೂ ಪ್ರವೇಶ ಕೊಟ್ಟುಬಿಟ್ರು. ಆದ್ರೂ ಏನೂ ಬರಲಿಲ್ಲ.

"ನೂರು ಸಲ ಹೂಂ ಅಂತ ಬರೀರಿ ಸಾಹೇಬ್ರ. ಒಂದು ಕಡೆ ಬ್ಯಾಡ ಅಂತ ಬರದಿದ್ರ ಆ ಬ್ಯಾಡನೇ ನಡೀತೈತಿ," ಅಂದ್ಲು ಗುಲಾಫಶಾ.

ನನ್ನ ಮೈಯೆಲ್ಲಾ ಉರೀತು. ನಿನ್ನ ಬ್ಯಾಡಕ್ಕ ಬೆಂಕಿ ಹಚ್ಚ, ತಗದು ಹಾಕು ಅಂತ ಬಾಯಿಗೆ ಬಂದಂಗ ಬೈದೆ. ಅಕಿ ಕಣ್ಣಾಗ ನೀರು. ಅದರಾಗ ಪೇಶಂಟ್‌ಗಳ ಹೆಸರು, ಮನಿ ವಿಳಾಸ ಅದಾವ, ಯಾರ ಕೈಯಾಗ ಚಾವಿ ಐತಂತ ತಿಳೀದ ಹೆಂಗ ತಗೀಲಿ ಅಂದ್ಲು. ಹೆಸರು ಹೇಳಿದ್ರ ಈಗಿಂದೀಗ ಹೊಸದು ಕೊಡ್ತೀನಿ ಅಂದ್ಲು.

ಮಧ್ಯಾಹ್ನ ಆಸ್ಪತ್ರೆಯ ಸೌಮ್ಯಾ ತಾನೇ ಫೋನ್ ಮಾಡಿದ್ಲು. ಹೊಸದಾಗಿ ಸೇರಿದ ಹುಡುಗಿ. ನಿಮ್ಮ ಸಾಹೇಬ್ರು ಕೊಟ್ಟ ಪಾಸ್‌ವರ್ಡ್ ಮುಂಜಾನಿಂದ ನಡೀವಲ್ದು ಅಂದ್ಲು. ಗುಲಾಫಶಾನ ಪ್ರಶ್ನಿಗೆ ಅಂಜಿ, ಹಳೇ ಚಾವೀನೇ ಆ ಹುಡುಗಿಗೆ ಕದ್ದು ಕೊಟ್ಟಿದ್ರಂತ ನಮ್ಮ ಮಹಾನುಭಾವರು. ಗುಲಾಫಶಾ ಅಲ್ಲೇ ಹೊಸ ಚಾವಿ ಮಾಡಿಕೊಟ್ಲು. ಅಷ್ಟರಾಗ ಅವ್ವನ ಸರತಿ ಬ್ಯಾರೆಯವರಿಗೆ ಹೋಗಿತ್ತು.

ಮರುದಿನ ವ್ಯಾನಿನ್ಯಾಗ ನಾ ಸಾಹೇಬ್ರನ್ನೇ ಹತ್ತಿಸಿಕೊಂಡು ನಮ್ಮ ಚಾಳಿಗೆ ಹೋದೆ.

"ನಮ್ಮವ್ವನ್ನ ನೀವೇ ಕರ್ಕೊಂಡು ಹೋಗ್ರಿ. ನಿನ್ನೆ ಯಾಕ ವ್ಯಾನ್ ಬರಲಿಲ್ಲ ಅಂತನೂ ನೀವೇ ಹೇಳ್ರಿ."

ಅವ್ವ ಬಾತ ಕಾಲು ಎಳಕೋತ ಬಂದು, ಅವರ ಕೈ ಗಟ್ಟಿ ಹಿಡದು ವ್ಯಾನ್ ಹತ್ತಿದ್ಲು.

"ನೀನರ ಬಂದ್ಯಲ್ಲಪ್ಪಾ, ಪುಣ್ಯಾ ಬರಲಿ ನಿನಗ," ಅಂದ್ಲು. "ನಿನ್ನೆ ಯಾರೂ ಬರಲಿಲ್ಲ ನೋಡು."