ಮಿಲಾದಾಳ ಕಿರುಬೆರಳು

ಬ್ರನೋ ಊರಿನ ನಮ್ಮ ಪ್ರಯೋಗಾಲಯದಲ್ಲಿ ಮಿಲಾದಾ ಕೈಹಾಕದೆ ಯಾವ ಡಾಕ್ಟರೇಟಿನ ಬೇಳೆಯೂ ಬೇಯುತ್ತಿರಲಿಲ್ಲ. ಒದ್ದೆ ಬಟ್ಟೆಯ ಮೇಲೆ ಬಿಳಿ ಪುಡಿ ಉದುರಿಸಿ, ಇಂಗಾಲದ ಕಡ್ಡಿಯ ತುದಿ ಕನ್ನಡಿಯಾಗುವ ತನಕ ಉಜ್ಜುವುದು ಮೂವತ್ತೊಂದು ವರ್ಷದಿಂದ ಅವಳ ಕೆಲಸ. ಆ ಕಡ್ಡಿಯೇ ನಮ್ಮ ಸಂವೇದಕ. ಡಿಎನ್‌ಎ ಇರುವ ಉಪ್ಪುನೀರಿಗೆ ಅದನ್ನಿಳಿಸಿ ವಿದ್ಯುತ್ ಹಾಯಿಸಿದರೆ, ಡಿಎನ್‌ಎಯೊಳಗಿನ ಗ್ವಾನಿನ್ ಎಂಬ ಅಂಶ ತುಕ್ಕು ಹಿಡಿದಂತೆ ಕೆಟ್ಟಿದ್ದ ಪಕ್ಷದಲ್ಲಿ ಪರದೆಯ ಮೇಲಿನ ಗೆರೆ ಗೂನಾಗುತ್ತದೆ.

ಆ ವಸಂತದಲ್ಲಿ ಹಿನೆಕ್ ಎಂಬ ಹೊಸ ಸಂಶೋಧಕನಿಗೆ ಸೊಗಸಾದ ಗೂನುಗಳು ಸಿಕ್ಕವು. ಬಣ್ಣದ ಕಾರ್ಖಾನೆಯ ಕೆಲಸಗಾರರ ಡಿಎನ್‌ಎ ಕೆಟ್ಟಿದೆ ಎಂದು ಪ್ರಬಂಧ ಬರೆದು ಕಳಿಸಿಯೂಬಿಟ್ಟ. ಮಿಲಾದಾ ಉಜ್ಜಿದ ಒಳ್ಳೆಯ ಕಡ್ಡಿಗಳನ್ನು ಅವರ ಮಾದರಿಗಳಿಗೇ ಮೀಸಲಿಟ್ಟಿದ್ದ. ಹೋಲಿಕೆಗೆಂದು ಇಟ್ಟ, ಡಿಎನ್‌ಎ ಇಲ್ಲದ ಬರೀ ಉಪ್ಪುನೀರಿಗೆ ತಾನೇ ಗಡಿಬಿಡಿಯಲ್ಲಿ ಉಜ್ಜಿಕೊಂಡದ್ದು ಸಾಕು ಅಂದುಕೊಂಡಿದ್ದ.

ಒಂದು ಬೆಳಿಗ್ಗೆ ಮಿಲಾದಾ ತನ್ನ ಕಡ್ಡಿಯನ್ನೇ ಬರೀ ಉಪ್ಪುನೀರಿಗೆ ಇಳಿಸಿದಳು. ಅಲ್ಲೂ ಗೂನು! ತನ್ನ ಕಿರುಬೆರಳನ್ನು ನೋಡಿಕೊಂಡಳು. ಕಡ್ಡಿ ತೊಳೆದ ಮೇಲೆ ಕೊನೆಗೊಮ್ಮೆ ಬರಿಗೈಯ ಕಿರುಬೆರಳಾಡಿಸಿ ನುಣುಪು ನೋಡುವುದು ಅವಳ ಚಾಳಿ. ಬೆವರಿನ ಯೂರಿಕ್ ಆಮ್ಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗೂನೆಬ್ಬಿಸುತ್ತದೆ.

ಹಿನೆಕ್‌ನನ್ನು ಕರೆದು ತೋರಿಸಿದಳು. ಪಾಪ, ಅವನ ಮುಖ ಸುಣ್ಣವಾಯಿತು. "ಪಾನಿ ಮಿಲಾದಾ," ಎಂದ, ನಮ್ಮೂರಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ. "ಪ್ರಬಂಧ ವಾಪಸ್ ತಗೋತೀನಿ. ತಪ್ಪು ನಂದೇ ಅಂತೀನಿ. ನೀವು ಬಾಯಿ ಬಿಡ್ಬೇಡಿ."

"ಯಾಕಪ್ಪಾ?"

"ಇನ್ನೆರಡು ತಿಂಗಳಿಗೆ ನಿವೃತ್ತಿ ನಿಮ್ದು. ಇಷ್ಟು ವರ್ಷ ಉಳಿಸ್ಕೊಂಡ ಹೆಸರು ಹಾಳಾಗೋದು ಬೇಡ."

ಸೋಮವಾರದ ಸಭೆಯಲ್ಲಿ ನಮ್ಮಂಥ ಸಹಾಯಕರು ಕಾಫಿ ಕೊಡುತ್ತೇವೆ, ಮಾತಾಡುವುದಿಲ್ಲ. ಬೆರಳಿನ ಬೆವರಿನಿಂದ ಪ್ರಬಂಧ ಕೆಟ್ಟಿತೆಂದು ಹಿನೆಕ್ ಒಪ್ಪಿಕೊಂಡ ಮೇಲೆ ಪ್ರಯೋಗಾಲಯದ ಮುಖ್ಯಸ್ಥೆ ಕೇಳಿದರು: "ಆ ಕಡ್ಡಿ ಉಜ್ಜಿದ್ದು ಯಾರು?"

"ನಾನೇ," ಎಂದ ಹಿನೆಕ್.

ಮಿಲಾದಾ ಕಾಫಿ ತಟ್ಟೆಯನ್ನು ಠಣ್ಣೆಂದು ಕೆಳಗಿಟ್ಟಳು.

"ಸುಳ್ಳು! ಉಜ್ಜಿದ್ದು ನಾನು. ಬರಿಗೈಲಿ ಮುಟ್ಟಿದ್ದೂ ನಾನೇ. ಇವನಿಗೆ ಉಜ್ಜೋಕೆ ಎಲ್ಲಿ ಬರುತ್ತೆ? ಇವನ ಕಡ್ಡಿ ತುಂಬಾ ಬರೀ ಗೀರು!"

ಯಾರೋ ನಕ್ಕರು. ಮುಖ್ಯಸ್ಥೆ ನಗಲಿಲ್ಲ.

"ಆ ಕೆಲಸಗಾರರಿಗೆ ನಿಜ ಹೇಳ್ಬೇಕು. ನಲವತ್ತು ಮಾದರಿನೂ ಮತ್ತೆ ಅಳೀಬೇಕು. ಕಡ್ಡಿ ನೀವೇ ಉಜ್ಜಿ ಕೊಡಿ. ಎರಡು ತಿಂಗಳು ಸಾಕಾಗುತ್ತಾ ಪಾನಿ ಮಿಲಾದಾ?"

ಕೆಲಸದಿಂದ ತೆಗೆದುಹಾಕುತ್ತಾರೆಂದು ಅಂದುಕೊಂಡಿದ್ದ ಮಿಲಾದಾಳಿಗೆ ಅಳು ಒತ್ತರಿಸಿ ಬಂತು.

"ಸಾಲ್ದು," ಎಂದಳು ಮೂಗೊರೆಸಿಕೊಳ್ಳುತ್ತಾ. "ಈ ಡಾಕ್ಟ್ರಿಗೆ ಕಲಿಸೋಕೇ ಒಂದು ತಿಂಗಳು ಬೇಕು."